ಹೆಸರಿಲ್ಲದ ಕೋಳಿಗಳು

ಮೃಗಗಳ ಕಥೆ ನಮಗೆ ಹೊಸತಲ್ಲ. ನಾಸಿಕದ ಗೋದಾವರಿಯೇ ಮುಂದೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಸೇರುತ್ತದೆ. ಸಾತವಾಹನರ ಆ ರಾಜಧಾನಿಯ ಗುಣಾಢ್ಯನು ಕಾಡುಮೃಗಗಳಿಗೆ ಕಥೆಯನ್ನೋದಿ ಹೇಳಿದನೆಂದು ಐತಿಹ್ಯವುಂಟು. ದುರ್ಗಸಿಂಹನ ‘ಪಂಚತಂತ್ರ’ವಂತೂ ಕನ್ನಡದ್ದೇ. ಆದರೆ 1945ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ಲನ ‘ಅನಿಮಲ್ ಫಾರ್ಮ್’ ಕಾದಂಬರಿಯಲ್ಲಿ ಮೃಗಗಳು ನೀತಿ ಹೇಳುತ್ತ ಕೂಡುವುದಿಲ್ಲ, ಯಜಮಾನನನ್ನೇ ಹೊಡೆದೋಡಿಸುತ್ತವೆ. (ಗ್ರಂಥಕರ್ತನು ಜನಿಸಿದ್ದು 1903ರಲ್ಲಿ, ಬಿಹಾರದ ಮೋತೀಹಾರಿಯಲ್ಲಿ.)

ಗೋಡೆಯ ಮೇಲೆ ಬರೆದ ಏಳು ಕಟ್ಟಳೆಗಳೇ ಈ ಕೃತಿಯ ಜೀವಾಳ. ಹಂದಿಗಳು ಅವಕ್ಕೆ ಗುಟ್ಟಾಗಿ ಒಂದೆರಡು ಪದ ಸೇರಿಸುತ್ತವೆ. ಹೆಚ್ಚಿನ ಪ್ರಾಣಿಗಳಿಗೆ ಓದು ಬಾರದು, ಬಂದವಕ್ಕೆ ನೆನಪಿಲ್ಲ. ಮೋಸವು ತಿಳಿಯುವುದು ವಾಚಕನಿಗೆ ಮಾತ್ರ. ವ್ಯಾಕರಣವೇಕೆಂದು ಕೇಳುವ ವಿದ್ಯಾರ್ಥಿಗೆ ನಾನು ಈ ಪುಟಗಳನ್ನೇ ತೋರಿಸುವೆನು.

ದಂಗೆಯೆಲ್ಲ ವ್ಯರ್ಥವೆಂಬ ಭಾವನೆಯನ್ನು ಈ ಪುಸ್ತಕವು ಎಳೆಯರಲ್ಲಿ ಮೂಡಿಸಬಲ್ಲುದೆಂಬುದೇ ನನ್ನ ಆಕ್ಷೇಪ. ಅದಕ್ಕೆ ಉತ್ತರವು ಏಳನೆಯ ಅಧ್ಯಾಯದಲ್ಲಿಯೇ ಇದೆ. ವಾರಕ್ಕೆ 400 ಮೊಟ್ಟೆ ಮಾರಬೇಕೆಂದು ಆಜ್ಞೆಯಾದಾಗ ಕೋಳಿಗಳು ಜಂತಿಯೇರಿ, ಮೊಟ್ಟೆಗಳು ನೆಲಕ್ಕೆ ಬಿದ್ದೊಡೆಯುವಂತೆ ಅಲ್ಲಿಂದಲೇ ಇಡುತ್ತವೆ. ಅವುಗಳ ಅನ್ನ ನಿಲ್ಲುತ್ತದೆ. ಒಂದು ಕಾಳು ಕೊಟ್ಟವರಿಗೂ ಮರಣದಂಡನೆ. ಐದು ದಿನ ತಡೆದು ಸೋಲುವಷ್ಟರಲ್ಲಿ ಒಂಬತ್ತು ಸತ್ತಿರುತ್ತವೆ. ಇಷ್ಟನ್ನು ಲೇಖಕನು ಕೆಲವೇ ಸಾಲುಗಳಲ್ಲಿ ಮುಗಿಸಿಬಿಟ್ಟಿದ್ದಾನೆ! ದ್ರೋಹ ಬಗೆದ ಹಂದಿಗಳಿಗೆ ಹೆಸರುಗಳಿವೆ, ಸತ್ತ ಕೋಳಿಗಳಲ್ಲಿ ಒಂದಕ್ಕೂ ಇಲ್ಲ.

ಹಂದಿಗಳಷ್ಟೇ ಚೆನ್ನಾಗಿ ಓದಬಲ್ಲ ಕತ್ತೆ ಬೆಂಜಮಿನ್ನನೂ ಆಗ ಸುಮ್ಮನಿದ್ದನು. ಏಕೆಂದು ಆರ್ವೆಲ್ಲನು ಕೇಳಲಿಲ್ಲ; ನೀವು ಕೇಳಬೇಕು.