ಬಿಗಿದ ಕೊಳವೆ, ಬಿಡಿಸುವ ಬಗೆ

ಕಟ್ಟುವುದು ಸುಲಭ, ಕಟ್ಟಿದುದನ್ನು ಕೆಡದಂತೆ ಬಿಚ್ಚುವುದು ಕಷ್ಟ. ಹತ್ತಾರು ಮಳೆಗಾಲಗಳನ್ನು ಕಂಡ ಆಂಟೆನಾವೊಂದನ್ನು ಮಾಳಿಗೆಯಿಂದ ಕೆಳಗಿಳಿಸಿದವರಿಗೆ ಈ ಮಾತಿನ ಅರ್ಥ ಚೆನ್ನಾಗಿ ಆಗಿರುತ್ತದೆ.

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು. ಸುತ್ತಲಿನ ಊರುಗಳಲ್ಲಿ ರೇಡಿಯೋಗೆಂದು ತಂತಿ ಬಿಗಿದ ಕಾಲ ಅದು. ಮುಂದೆ ದೂರದರ್ಶನ ಬಂದಾಗ ನವಲಗುಂದದ ಮೇಲ್ಮುದ್ದೆಯ ಮನೆಗಳ ಮೇಲೂ ಕಲಘಟಗಿಯ ಹಂಚಿನ ಮನೆಗಳ ಮೇಲೂ ಅಲ್ಯೂಮಿನಿಯಂ ಕಡ್ಡಿಗಳ ಏಣಿಗಳು ತಲೆಯೆತ್ತಿದವು. ಈ ಬಗೆಯ ಆಂಟೆನಾವನ್ನು 1926ರಲ್ಲಿ ಲೋಕಕ್ಕೆ ತಿಳಿಸಿಕೊಟ್ಟವರು ಜಪಾನಿನ ಉಡಾ ಮತ್ತು ಯಾಗಿ ಎಂಬ ವಿದ್ವಾಂಸರು. ಸರಕಾರದ ಪರವಾನಿಗೆ ಪಡೆದು ದೂರದ ಗೆಳೆಯರೊಡನೆ ಮಾತನಾಡುವ ಹವ್ಯಾಸಿ ರೇಡಿಯೋದವರು ಬಳಸುವುದೂ ಇದೇ ವಂಶದ, ಆದರೆ ಗಾತ್ರದಲ್ಲಿ ಬಲು ದೊಡ್ಡ ಆಂಟೆನಾ. 14 ಮೆಗಾಹರ್ಟ್ಸ್ ಅಲೆಗೆ ಅದರ ಒಂದೊಂದು ತೋಳೂ ತುದಿಯಿಂದ ತುದಿಗೆ ಸುಮಾರು 10 ಮೀಟರ್ ಉದ್ದವಿರಬೇಕು. ಅಷ್ಟುದ್ದದ ಒಂದೇ ಕೊಳವೆ ತನ್ನ ಭಾರಕ್ಕೆ ತಾನೇ ಬಾಗೀತು. ಆದುದರಿಂದ ನಡುವೆ ದಪ್ಪ ಕೊಳವೆಯನ್ನಿಟ್ಟು, ಅದರೊಳಗೆ ಸಣ್ಣದನ್ನು, ಸಣ್ಣದರೊಳಗೆ ಇನ್ನೂ ಸಣ್ಣದನ್ನು ಸೇರಿಸಿ ತಿರುಪುಮೊಳೆಯಿಂದ ಬಿಗಿಯುತ್ತಾರೆ.

ತೊಡಕು ಇರುವುದು ಆ ಸಂದಿನಲ್ಲಿಯೇ. ಅಲ್ಯೂಮಿನಿಯಂ ಗಾಳಿಗೆ ಸೋಕಿದೊಡನೆ ತನ್ನ ಮೈಮೇಲೆ ಆಕ್ಸೈಡಿನ ತೆಳ್ಳನೆಯ ಪೊರೆಯೊಂದನ್ನು ತಾನೇ ಹೊದೆಯುತ್ತದೆ. ಬಯಲಿನಲ್ಲಿ ಆ ಪೊರೆಯೇ ಅದಕ್ಕೆ ಕಾವಲು. ಆದರೆ ಇಕ್ಕಟ್ಟಾದ ಸಂದಿನಲ್ಲಿ ನೀರು ನಿಂತರೆ ಕಾವಲು ಸೋಲುತ್ತದೆ. ಲೋಹವು ಮೆಲ್ಲಮೆಲ್ಲನೆ ಬಿಳಿಯ ಹಿಟ್ಟಾಗುತ್ತದೆ. ಆ ಹಿಟ್ಟು ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬೆಣೆಯಂತೆ ಬಿಗಿದುಕೊಳ್ಳುತ್ತದೆ. ಅಣ್ಣಿಗೇರಿಯ ಎರೆಭೂಮಿಯ ಧೂಳು ಒಳಹೊಕ್ಕು ತೇವವನ್ನು ಹಿಡಿದಿಟ್ಟರೆ, ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಮಳೆ ಆ ತೇವವನ್ನು ಆರಗೊಡುವುದಿಲ್ಲ.

ಇಂಥ ಕೊಳವೆಗಳನ್ನು ಇಬ್ಬರು ಎರಡು ಕಡೆ ಹಿಡಿದು ಜಗ್ಗುವುದೇ ಮೊದಲ ತಪ್ಪು. ಮೊದಲು ತಿರುಪುಮೊಳೆ, ರಿವೆಟ್ಟುಗಳೆಲ್ಲ ಹೊರಬಂದಿವೆಯೇ ಎಂದು ಕೊಳವೆಯನ್ನು ಸುತ್ತಲೂ ತಿರುಗಿಸಿ ನೋಡಬೇಕು. ತಲೆ ಮುರಿದ ಮೊಳೆಯನ್ನು ಡ್ರಿಲ್ಲಿನಿಂದ ಕೊರೆದು ತೆಗೆಯಬೇಕು. ಬಳಿಕ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ಸಂದಿಗೆ ಹನಿಸಿ ಒಂದು ರಾತ್ರಿ ಬಿಡಬೇಕು. ಮರುದಿನ ಮರದ ಕೊಡತಿಯಿಂದ ಸುತ್ತಲೂ ಹಗುರವಾಗಿ ತಟ್ಟಿ, ಮತ್ತೆ ಹನಿಸಬೇಕು. ಆಮೇಲೆ ಜಗ್ಗದೆ ತಿರುಚಬೇಕು. ತಿರುಚಿದಾಗ ಹಿಟ್ಟು ಪುಡಿಯಾಗಿ ಹಿಡಿತ ಸಡಿಲುತ್ತದೆ. ಕೊಳವೆಯನ್ನು ವೈಸಿನಲ್ಲಿ ನೇರವಾಗಿ ಹಿಡಿದರೆ ಅದು ಚಪ್ಪಟೆಯಾಗಿ ಇನ್ನಷ್ಟು ಕಚ್ಚೀತು. ನಡುವೆ ತೂತು ಕೊರೆದು ಎರಡಾಗಿ ಸೀಳಿದ ಮರದ ತುಂಡಿನ ನಡುವೆ ಹಿಡಿಯುವುದು ಲೇಸು.

ಆಗಲೂ ಬಾರದಿದ್ದರೆ ಅಡುಗೆಮನೆಯ ಉಪಾಯವುಂಟು. ಒಂದರೊಳಗೊಂದು ಸಿಕ್ಕಿಕೊಂಡ ಲೋಟಗಳನ್ನು ಗೃಹಿಣಿಯರು ಬಿಡಿಸುವುದು ಹೇಗೆ? ಒಳಗಿನ ಲೋಟಕ್ಕೆ ತಣ್ಣೀರು, ಹೊರಗಿನದಕ್ಕೆ ಬಿಸಿನೀರು. ಕಮ್ಮಾರನು ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಕಾಯಿಸಿ ಏರಿಸುವುದೂ ಇದೇ ತತ್ವದ ಮೇಲೆ. ಎರಡೂ ಕೊಳವೆಗಳು ಒಂದೇ ಲೋಹದವಾದುದರಿಂದ ಎರಡೂ ಕಾದರೆ ಫಲವಿಲ್ಲ. ಒಳಗಿನದಕ್ಕೆ ತಣ್ಣನೆಯ ಒದ್ದೆಬಟ್ಟೆ ಸುತ್ತಿ, ಹೊರಗಿನದರ ಮೇಲೆ ಕುದಿಯುವ ನೀರನ್ನು ಸುರಿದು, ತಡಮಾಡದೆ ತಿರುಚಬೇಕು. 25 ಮಿಲಿಮೀಟರ್ ವ್ಯಾಸದ ಕೊಳವೆ 70 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಹಿಗ್ಗುವುದು ಸುಮಾರು 0.04 ಮಿಲಿಮೀಟರ್ ಮಾತ್ರ. ಹಲವು ಸಲ ಅಷ್ಟೇ ಸಾಕಾಗುತ್ತದೆ.

ಉರಿಯುವ ಬೆಂಕಿ ಮಾತ್ರ ಬೇಡ. ಎಣ್ಣೆಗೆ ಕಿಡಿ ತಗಲುವ ಭಯ ಒಂದು. ಇನ್ನೊಂದು, ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಸುವುದಿಲ್ಲ. 660 ಡಿಗ್ರಿಗೆ ಹೇಳದೆ ಕೇಳದೆ ಕರಗುತ್ತದೆ. ಅದಕ್ಕೆ ಬಹಳ ಮುಂಚೆಯೇ ತನ್ನ ಗಟ್ಟಿತನವನ್ನು ಕಳೆದುಕೊಂಡಿರುತ್ತದೆ. ಕಾಸ್ಟಿಕ್ ಸೋಡಾವೂ ಬೇಡ. ಅದು ಹಿಟ್ಟಿನೊಂದಿಗೆ ಕೊಳವೆಯನ್ನೂ ತಿನ್ನುತ್ತದೆ. ಯಾವುದಕ್ಕೂ ಜಗ್ಗದಿದ್ದರೆ ಹೊರಕೊಳವೆಯ ತುದಿಯನ್ನು ಉದ್ದಕ್ಕೆ ಸೀಳಿ ಅಗಲಿಸಬೇಕು. ನಾಲ್ಕು ಅಂಗುಲ ಹೋದರೂ ಉಳಿದದ್ದು ದಕ್ಕುತ್ತದೆ. ಎಲ್ಲಕ್ಕೂ ಮುನ್ನ ಒಂದು ಮಾತು: ಆಂಟೆನಾವನ್ನು ಇಳಿಸುವಾಗ ಹತ್ತಿರದಲ್ಲಿ ವಿದ್ಯುತ್ ತಂತಿಯಿದ್ದರೆ ಅದಕ್ಕೆ ಕೈಹಚ್ಚಲೇಬಾರದು.

ಇಷ್ಟೊಂದು ಶ್ರಮ ಹಳೆಯ ಕೊಳವೆಗೇಕೆ, ಗುಜರಿಗೆ ಹಾಕಬಾರದೇ ಎಂದು ಕೇಳುವವರುಂಟು. ಹೊಸದನ್ನು ಕೊಳ್ಳಲಾರದ ವಿದ್ಯಾರ್ಥಿಗೆ ಈ ಹಳೆಯದೇ ಬಂಡವಾಳ. 2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನನ್ನು ಹೊಡೆದು ಟೆಲಿಫೋನುಗಳು ಮೂಕವಾದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳ ಆಂಟೆನಾಗಳೇ ಕ್ಷೇಮಸಮಾಚಾರವನ್ನು ಹೊತ್ತು ತಂದವು. 2019ರ ಆಗಸ್ಟಿನ ನೆರೆಯಲ್ಲಿ ಬೆಣ್ಣೆಹಳ್ಳದ ರಭಸವನ್ನು ಕಂಡ ನವಲಗುಂದದ ಜನರಿಗೆ, ದಾರಿ ಕಡಿದಾಗ ಒಂದು ಮಾತಿನ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಿಡಿಸಿದ ಕೊಳವೆಗಳನ್ನು ನಯವಾದ ಉಜ್ಜುಕಾಗದದಿಂದ ತಿಕ್ಕಿ, ಸತುವಿನ ಪುಡಿ ಬೆರೆತ ಗ್ರೀಸನ್ನು ತೆಳುವಾಗಿ ಸವರಿ, ಮತ್ತೆ ಜೋಡಿಸಬೇಕು. ತಾಮ್ರದ ತಂತಿಯನ್ನು ನೇರವಾಗಿ ಅಲ್ಯೂಮಿನಿಯಮ್ಮಿಗೆ ತಾಗಿಸಬಾರದು. ಎರಡು ಲೋಹಗಳ ನಡುವೆ ನೀರು ಬಂದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಒಂದು ಬೆರಳಿನ ಗ್ರೀಸು ಜೋಡಿಸುವವನಿಗೆ ಹೆಚ್ಚೇನೂ ಹೊರೆಯಲ್ಲ. ಇಪ್ಪತ್ತು ವರ್ಷಗಳ ಮೇಲೆ ಅದನ್ನು ಬಿಚ್ಚುವವನಿಗೆ ಅದೇ ದೊಡ್ಡ ಉಪಕಾರ.