ಯೂರೋಪಿನ ಪ್ರವಾಸ: ನೋಟವೋ, ಓಟವೋ?

ದೇಶ ಸುತ್ತು, ಕೋಶ ಓದು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಅದರ ಪೂರ್ವಾರ್ಧವನ್ನು ಆಚರಣೆಗೆ ತರುವ ಉತ್ಸಾಹದಲ್ಲಿ ಉತ್ತರಾರ್ಧವನ್ನು ಮರೆತವರ ಸಂಖ್ಯೆ ಈಚೀಚೆಗೆ ಹೆಚ್ಚುತ್ತಿರುವುದು. ಒಂದು ಕಾಲದಲ್ಲಿ ಸಮುದ್ರವನ್ನು ದಾಟಿ ಬಂದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದ ಮನೆತನಗಳೇ ಇಂದು ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಕೂಡಿಕೊಂಡು ಯೂರೋಪಿನ ವಿಮಾನವನ್ನೇರುತ್ತವೆ. ಇದು ಸಂತೋಷಪಡತಕ್ಕ ವಿಷಯವೇ ಸರಿ. ವ್ಯಸನಕ್ಕೆ ಕಾರಣವಾದುದು ಬೇರೊಂದುಂಟು: ಹೀಗೆ ಹೋದವರಲ್ಲಿ ಬಹುಮಂದಿ ಯೂರೋಪನ್ನು ನೋಡಿ ಬರುವುದಿಲ್ಲ, ಅದರ ಮೇಲೆ ಓಡಿ ಬರುತ್ತಾರೆ.

ಪ್ರವಾಸದ ವ್ಯಾಪಾರಿಗಳು ಹಂಚುವ ಬಣ್ಣದ ಪತ್ರಗಳನ್ನು ಯಾರಾದರೂ ತೆರೆದು ನೋಡಲಿ. 14 ದಿನಗಳಲ್ಲಿ 10 ದೇಶಗಳು ಎಂಬ ಘೋಷಣೆಯು ಅಲ್ಲಿ ದೊಡ್ಡ ಅಕ್ಷರಗಳಲ್ಲಿ ರಾರಾಜಿಸುತ್ತದೆ. ಇದರ ಗಣಿತವಾದರೂ ಎಂತಹುದು? ಹೋಗಿ ಬರುವ ವಿಮಾನಕ್ಕೆ ಎರಡು ದಿನಗಳನ್ನು ಕಳೆದರೆ 12 ಉಳಿದವು. ಹತ್ತು ದೇಶಗಳ ನಡುವೆ ಒಂಬತ್ತು ಸ್ಥಳಾಂತರಗಳು. ಪೆಟ್ಟಿಗೆ ಕಟ್ಟುವುದು, ಬಸ್ಸಿನಲ್ಲಿ ಕೂರುವುದು, ಹೊಸ ಹೋಟೆಲಿನ ಬೀಗದ ಕೈಗಾಗಿ ಕಾಯುವುದು, ಇವಕ್ಕೆ ಪ್ರತಿಯೊಂದು ಸಲವೂ ಅರ್ಧ ದಿನವೆಂದರೂ ನಾಲ್ಕೂವರೆ ದಿನಗಳು ಹೋದವು. ಮಿಕ್ಕ ಏಳೂವರೆ ದಿನಗಳನ್ನು ಹತ್ತು ದೇಶಗಳಿಗೆ ಹಂಚಿದರೆ ಒಂದೊಂದಕ್ಕೆ ಒಂದು ಪೂರ್ಣ ದಿನವೂ ಲಭಿಸದು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಸುಮಾರು 35,000 ಕೃತಿಗಳು ಪ್ರದರ್ಶನದಲ್ಲಿವೆ; ಈ ಪ್ರವಾಸಿಗಳಿಗೆ ಲಭಿಸುವುದು ಅದರ ಅಂಗಳದ ಗಾಜಿನ ಪಿರಮಿಡ್ಡಿನ ಎದುರಿಗೊಂದು ಛಾಯಾಚಿತ್ರ.

ಇಷ್ಟಕ್ಕಾಗಿ ತೆರುವ ಬೆಲೆಯು ಅಲ್ಪವಲ್ಲ. ನೌಕರಿಯ ಮನೆತನವೊಂದು ಹಲವು ವರ್ಷಗಳು ಉಳಿಸಿದ ಹಣವದು. ವೃದ್ಧರಾದ ತಂದೆತಾಯಿಗಳ ಮೈಯಲ್ಲಿ ಉಳಿದಿರುವ ಶಕ್ತಿಯ ಕೊನೆಯ ಪಾಲೂ ಅದರಲ್ಲಿ ಸೇರಿರುತ್ತದೆ. ಯೂರೋಪಿನ ಒಕ್ಕೂಟದ ಕಾನೂನಿನಂತೆ ಬಸ್ಸಿನ ಚಾಲಕನು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷಗಳ ವಿರಾಮವನ್ನು ಪಡೆಯಲೇಬೇಕು. ಸಾಮಾನ್ಯವಾಗಿ ದಿನಕ್ಕೆ 9 ಗಂಟೆಗಳಿಗೆ ಮೀರಿ ಓಡಿಸಕೂಡದು. ಚಾಲಕನನ್ನು ರಕ್ಷಿಸಲು ಕಾನೂನುಂಟು. ಹಿಂದಿನ ಪೀಠದಲ್ಲಿ ಕಾಲು ಊದಿಸಿಕೊಂಡು ಕುಳಿತ ಎಪ್ಪತ್ತು ವರ್ಷದ ತಾಯಿಯನ್ನು ರಕ್ಷಿಸಲು ಆಕೆಯ ಮಕ್ಕಳ ವಿವೇಕವಲ್ಲದೆ ಬೇರೇನುಂಟು?

ಪ್ರವಾಸವೆಂಬುದು ಯೂರೋಪಿನವರಿಗೂ ಮೊದಲಿನಿಂದ ಹೀಗಿದ್ದುದಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ಇಟಲಿಯಲ್ಲಿ ತಿಂಗಳುಗಟ್ಟಲೆ ನಿಂತು ಕಲಿಯುತ್ತಿದ್ದರು. ಜರ್ಮನಿಯ ಕವಿ ಗಯಟೆಯು 1786ರಿಂದ 1788ರವರೆಗೆ ಇಟಲಿಯಲ್ಲಿದ್ದು, ರೋಮಿಗೆ ಎರಡನೆಯ ಸಲ ಬಂದು ಬಹುಕಾಲ ನೆಲಸಿದನು. ಅಂತಹ ವಿರಾಮವು ಧನಿಕರಿಗೆ ಮಾತ್ರ ಸಾಧ್ಯವೆಂಬುದು ನಿಜ. 1841ರಲ್ಲಿ ಥಾಮಸ್ ಕುಕ್ ಎಂಬಾತನು ಸುಮಾರು 500 ಜನರನ್ನು ತಲೆಗೊಂದು ಷಿಲ್ಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೋವಿಗೆ ರೈಲಿನಲ್ಲಿ ಕರೆದೊಯ್ದು, ಸಾಮಾನ್ಯರಿಗೂ ಪ್ರವಾಸದ ಬಾಗಿಲನ್ನು ತೆರೆದನು. ಅದು ಉಪಕಾರವೇ. ಆದುದರಿಂದ ಗುಂಪಾಗಿ ಹೋಗುವುದು ದೋಷವಲ್ಲ. ನಿಲ್ಲದೆ ಹೋಗುವುದು ದೋಷ.

ಇದಕ್ಕೆ ಪ್ರತಿಯಾಗಿ ಹೇಳುವವರ ವಾದಗಳನ್ನೂ ವಿಚಾರಿಸುವುದು ನ್ಯಾಯ. ಜನ್ಮಕ್ಕೊಮ್ಮೆ ಹೋಗುವುದು, ವಿಮಾನದ ವೆಚ್ಚವೇ ಅಪಾರ, ಹೋದಾಗಲೇ ಎಲ್ಲವನ್ನೂ ನೋಡಿಬಿಡಬೇಕು ಎಂಬುದು ಮೊದಲನೆಯದು. ಜನ್ಮಕ್ಕೊಮ್ಮೆಯೇ ಆದರೆ ಅದನ್ನು ಚೆನ್ನಾಗಿ ನೋಡಬೇಕೆಂಬುದಲ್ಲವೇ ಅದರಿಂದ ಸಿದ್ಧಿಸುವ ಅರ್ಥ? ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಹೊಯ್ಸಳ ಶಿಲ್ಪವನ್ನು ಕಂಡೆನೆನ್ನುವ ಪರದೇಶದವನನ್ನು ಕಂಡು ಕನ್ನಡಿಗರು ನಗುತ್ತಾರೆ. ಅದೇ ನಗೆಗೆ ಫ್ಲಾರೆನ್ಸಿನವನಿಗೂ ಹಕ್ಕುಂಟು.

ಒಂದೇ ಷೆಂಗೆನ್ ಪರವಾನಗಿಯಲ್ಲಿ 29 ದೇಶಗಳು ತೆರೆದಿರುವಾಗ ಒಂದರಲ್ಲೇ ನಿಲ್ಲುವುದೇಕೆ ಎಂಬುದು ಎರಡನೆಯದು. ಪರವಾನಗಿಯು ಅನುಮತಿಯೇ ಹೊರತು ಆಜ್ಞೆಯಲ್ಲ. 29 ಬಗೆಗಳನ್ನು ಬಡಿಸಿದರೆಂದು ಒಂದೊಂದರಿಂದ ಒಂದೊಂದು ಅಗುಳನ್ನು ಬಾಯಿಗಿಟ್ಟು ಎಲೆಯ ಮುಂದಿನಿಂದೆದ್ದವನಿಗೆ ಹಸಿವು ತೀರೀತೇ?

ಹಿಮಪರ್ವತ, ಕಡಲು, ನಗರ, ಸಂಗ್ರಹಾಲಯ ಎಲ್ಲವೂ ಬೇಕು, ಒಂದೇ ದೇಶದಲ್ಲಿ ನಿಂತರೆ ಬೇಸರ ಬಂದೀತು ಎಂಬ ಮೂರನೆಯ ವಾದವು ಕೇಳಲು ಬಲವಾದುದು. ಆದರೆ ವೈವಿಧ್ಯವೆಂಬುದು ಗಡಿಗಳ ಸಂಖ್ಯೆಯಿಂದ ಬರತಕ್ಕುದಲ್ಲ. ಹತ್ತು ದೇಶಗಳ ಪ್ರವಾಸದಲ್ಲಿ ದಿನವೂ ಅದೇ ಬಸ್ಸು, ಅದೇ ಹೆದ್ದಾರಿ, ಅದೇ ಊಟ. ಹಿಮವನ್ನೇ ಕಾಣಬೇಕೆನ್ನುವವರು ಸ್ವಿಟ್ಜರ್ಲೆಂಡೊಂದನ್ನೇ ಆರಿಸಿಕೊಳ್ಳಲಿ. 1912ರಲ್ಲಿ ಪೂರ್ಣಗೊಂಡ ಯುಂಗ್‌ಫ್ರೌ ರೈಲು 3,454 ಮೀಟರುಗಳ ಎತ್ತರದ ನಿಲ್ದಾಣಕ್ಕೆ ಒಯ್ಯುತ್ತದೆ. ಆದರೆ ಮೋಡ ಕವಿದ ದಿನ ಅಲ್ಲಿ ತೋರುವುದು ಬಿಳಿಯ ಗೋಡೆಯೊಂದೇ. ನಾಲ್ಕು ದಿನ ತಂಗಿದವನು ಆಕಾಶ ತಿಳಿಯಾದ ದಿನವನ್ನು ಕಾಯಬಲ್ಲನು. ಒಂದೇ ದಿನದವನು ದುಬಾರಿಯ ಹಣವನ್ನು ತೆತ್ತು ಮಂಜನ್ನು ನೋಡಿ ಇಳಿಯುತ್ತಾನೆ.

ಇಟಲಿಯೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ರೋಮಿನಲ್ಲಿ ಐದು ರಾತ್ರಿ, ಫ್ಲಾರೆನ್ಸಿನಲ್ಲಿ ಐದು, ವೆನಿಸಿನಲ್ಲಿ ಮೂರು. ರೋಮಿನಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸಿಗೆ ಎರಡು ಗಂಟೆಗಳಿಗೆ ತುಸು ಹೆಚ್ಚು. ರೋಮಿನ ಪ್ಯಾಂಥಿಯನ್ನಿನ ಗುಮ್ಮಟವು 43 ಮೀಟರುಗಳಷ್ಟು ಅಗಲವಾದುದು. ಅದರ ನಡುನೆತ್ತಿಯು ತೆರೆದಿದ್ದು, ಮಳೆಯೂ ಬಿಸಿಲೂ ನೇರವಾಗಿ ಒಳಗಿಳಿಯುತ್ತವೆ. ಆ ಬೆಳಕಿನ ಚಕ್ರವು ಗೋಡೆಯ ಮೇಲೆ ಸರಿಯುವುದನ್ನು ಕಾಣಲು ಕುಳಿತುಕೊಳ್ಳಬೇಕು. ಫ್ಲಾರೆನ್ಸಿನ ಪ್ರಧಾನ ದೇವಾಲಯದ ಗುಮ್ಮಟವನ್ನು ಬ್ರೂನೆಲೆಸ್ಕಿಯು 1420ರಿಂದ 1436ರವರೆಗೆ, ನೆಲದಿಂದೆತ್ತಿದ ಮರದ ಆಧಾರವಿಲ್ಲದೆಯೇ ಕಟ್ಟಿಸಿದನು. ಅದರ 463 ಮೆಟ್ಟಿಲುಗಳನ್ನು ತರುಣರು ಹತ್ತಲಿ. ಹಿರಿಯರು ಕೆಳಗಿನ ಚೌಕದಲ್ಲಿ ಕುಳಿತು ಎದುರಿನ ದೀಕ್ಷಾಮಂದಿರದ ಕಂಚಿನ ಬಾಗಿಲುಗಳನ್ನು ನೋಡಲಿ. ಒಂದು ಮುಂಜಾವು ಊಫಿಟ್ಸಿ ಚಿತ್ರಶಾಲೆ, ಮತ್ತೊಂದು ಮುಂಜಾವು ಮೈಕೆಲೇಂಜೆಲೋವಿನ ದಾವೀದ. ಸಂಜೆ ಬಸ್ಸಿನಲ್ಲಿ ಫಿಯೆಸೊಲೆಯ ಗುಡ್ಡಕ್ಕೆ ಹೋಗಿ ಹಳೆಯ ರೋಮನ್ ನಾಟಕಶಾಲೆಯ ಕಲ್ಲುಮೆಟ್ಟಿಲುಗಳು. ಒಂದು ದಿನ ರೈಲಿನಲ್ಲಿ ಲೂಕಾ ಪಟ್ಟಣಕ್ಕೆ ಹೋದರೆ, ಸುಮಾರು 4 ಕಿಲೋಮೀಟರುಗಳ ಕೋಟೆಯ ಗೋಡೆಯ ಮೇಲೆ ಮರಗಳ ನೆರಳಿನಲ್ಲಿ ಮಕ್ಕಳು ಸೈಕಲ್ ತುಳಿಯಬಹುದು. ಚಿತ್ರ, ಶಿಲ್ಪ, ಗುಡ್ಡ, ಸಂತೆ, ಆಟ ಎಲ್ಲವೂ ಇಲ್ಲಿರುವಾಗ ಬೇಸರಕ್ಕೆ ಎಡೆಯೆಲ್ಲಿ?

ಇನ್ನುಳಿದುದು ಊಟದ ಭಯ. ಸಸ್ಯಾಹಾರಿಗಳಿಗೆ ಇಟಲಿಯು ಅನುಕೂಲವಾದ ದೇಶ. ಟೊಮೇಟೊ ಮತ್ತು ಬೆಳ್ಳುಳ್ಳಿಯ ಪಾಸ್ತ, ಹುರುಳಿಕಾಯಿ ಜಾತಿಯ ಕಾಳು ಮತ್ತು ಸೊಪ್ಪುಗಳನ್ನು ಹಳೆಯ ರೊಟ್ಟಿಯೊಡನೆ ಬೇಯಿಸಿದ ಟಸ್ಕನಿಯ ರಿಬೊಲ್ಲೀತ, ಕಡಲೆಹಿಟ್ಟನ್ನು ನೀರಿನಲ್ಲಿ ಕಲಸಿ ಎಣ್ಣೆಯಲ್ಲಿ ಬೇಯಿಸಿದ ಫಾರಿನಾತ, ಇವು ಕನ್ನಡದ ನಾಲಗೆಗೆ ಪರಕೀಯವಲ್ಲ. ಪಾರ್ಮೆಸಾನ್ ಗಿಣ್ಣಿಗೆ ಕರುವಿನ ಜಠರದ ಹೆಪ್ಪನ್ನು ಹಾಕುತ್ತಾರೆಂಬುದನ್ನೂ, ಸಾರಿನಲ್ಲಿ ಮಾಂಸದ ರಸವಿದೆಯೇ ಎಂದು ಕೇಳಬೇಕೆಂಬುದನ್ನೂ ನಿಷ್ಠರು ನೆನಪಿನಲ್ಲಿಟ್ಟರೆ ಸಾಕು.

ಓಟದ ಪ್ರವಾಸದಿಂದ ನೊಂದವರು ಪ್ರವಾಸಿಗಳು ಮಾತ್ರವಲ್ಲ. ಬೆಳಗ್ಗೆ ಬಂದು ಸಂಜೆ ಹೊರಡುವವರ ನೂಕುನುಗ್ಗಲನ್ನು ತಾಳಲಾರದೆ ವೆನಿಸು 2024ರಲ್ಲಿ, ಆಯ್ದ ದಿನಗಳಲ್ಲಿ, ರಾತ್ರಿ ತಂಗದವರ ಮೇಲೆ ಪ್ರವೇಶಶುಲ್ಕವನ್ನು ಹಾಕಿತು. ಅದರ ಹಳೆಯ ನಗರದ ನಿವಾಸಿಗಳ ಸಂಖ್ಯೆಯು 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ವಸತಿಗೃಹಗಳಾಗಿ, ದಿನಸಿಯ ಅಂಗಡಿಗಳು ಆಟಿಕೆಯ ಅಂಗಡಿಗಳಾಗುತ್ತಿರುವ ಊರಿಗೆ ಎರಡು ಗಂಟೆಗಳ ಅತಿಥಿಯು ಭಾರವೇ ಹೊರತು ನಂಟನಲ್ಲ.

ಯೋಜನೆಯೆಂಬುದು ದೇಶಗಳ ಪಟ್ಟಿಯಲ್ಲ. ಊಫಿಟ್ಸಿ ಸೋಮವಾರ ಮುಚ್ಚಿರುತ್ತದೆ, ಲೂವ್ರ್ ಮಂಗಳವಾರ, ವ್ಯಾಟಿಕನ್ನಿನ ಸಂಗ್ರಹಾಲಯಗಳು ಬಹುಪಾಲು ಭಾನುವಾರಗಳಲ್ಲಿ. ಇವನ್ನು ತಿಳಿದು ದಿನಗಳನ್ನು ಜೋಡಿಸುವುದು ಯೋಜನೆ. ಜುಲೈ ಆಗಸ್ಟುಗಳ ಬಿಸಿಲನ್ನು ಬಿಟ್ಟು, ಕರ್ಣಾಟಕದ ಶಾಲೆಗಳಿಗೆ ರಜೆಯಿರುವ ಏಪ್ರಿಲ್ ಮೇ ತಿಂಗಳುಗಳನ್ನು ಆರಿಸುವುದು ಯೋಜನೆ. ಮಧ್ಯಾಹ್ನದ ವಿಶ್ರಾಂತಿಯನ್ನು ದಿನಚರಿಯಲ್ಲಿ ಬರೆದಿಡುವುದು ಯೋಜನೆ. ಹೊರಡುವ ಮೊದಲು ಆ ನಾಡಿನ ಚರಿತ್ರೆಯನ್ನು ಮನೆಮಂದಿಯೆಲ್ಲ ಕೂಡಿ ಓದುವುದು ಎಲ್ಲಕ್ಕಿಂತ ದೊಡ್ಡ ಯೋಜನೆ. ಗಾದೆಯು ಸುತ್ತುವುದನ್ನೂ ಓದುವುದನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಸುಮ್ಮನೆ ಅಲ್ಲ.

ಕೊಳ್ಳುವವರು ಕೇಳಿದಂತೆ ಮಾರುವವರು ಸರಕನ್ನು ತರುತ್ತಾರೆ. ಎಷ್ಟು ದೇಶಗಳನ್ನು ತೋರಿಸುವಿರಿ ಎಂದು ಕೇಳುವವರೆಗೆ ಹತ್ತು ದೇಶಗಳ ಪತ್ರಗಳೇ ಅಚ್ಚಾಗುವುವು. ಒಂದೊಂದು ಊರಿನಲ್ಲಿ ಎಷ್ಟು ರಾತ್ರಿ ತಂಗಿಸುವಿರಿ ಎಂದು ವಿದ್ಯಾವಂತರ ಮನೆಗಳು ಕೇಳತೊಡಗಲಿ. ಮೂರಕ್ಕಿಂತ ಕಡಮೆಯೆಂಬ ಉತ್ತರ ಬಂದಲ್ಲಿ ಹಣದ ಚೀಲವನ್ನು ಬಿಚ್ಚದೆ ಎದ್ದುಬರಲಿ.