ಕರಗುವ ಹೊಲಿಗೆಗೂ ಆರೈಕೆ ಬೇಕು

‘ಹೊಲಿಗೆ ತಾನಾಗಿಯೇ ಕರಗುತ್ತದೆ, ಬಿಚ್ಚಿಸಲು ಬರಬೇಕಾಗಿಲ್ಲ’ ಎಂದು ಹೆರಿಗೆಯಾದ ತಾಯಿಗೆ ಆಸ್ಪತ್ರೆಯಲ್ಲಿ ಹೇಳಿ ಕಳುಹಿಸುತ್ತಾರೆ. ಅನೇಕ ಮನೆಗಳಲ್ಲಿ ಈ ಮಾತಿಗೆ ‘ಇನ್ನು ಅದರ ಚಿಂತೆ ಬೇಡ’ ಎಂಬ ಅರ್ಥ ಬಂದುಬಿಡುತ್ತದೆ. ಇದು ಸರಿಯಲ್ಲ.

ಕುರಿ, ದನಗಳ ಕರುಳಿನಿಂದ ಮಾಡುವ ಕ್ಯಾಟ್‌ಗಟ್ ದಾರವನ್ನು ನಮ್ಮ ದೇಹದ ಕಿಣ್ವಗಳು ಜೀರ್ಣಿಸುತ್ತವೆ. ಪಾಲಿಗ್ಲಾಕ್ಟಿನ್‌ನಂಥ ಕೃತಕ ದಾರವನ್ನು ದೇಹದ ನೀರಿನಂಶವೇ ನಿಧಾನವಾಗಿ ಒಡೆಯುತ್ತದೆ. ಇದರಲ್ಲಿ ಬೇಗ ಕರಗುವ ಬಗೆಯ ದಾರ 10ರಿಂದ 14 ದಿನಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಪೂರ್ತಿ ಮಾಯವಾಗಲು ಸುಮಾರು 6 ವಾರ ಬೇಕು. ದಾರದ ಕೆಲಸ ಅಂಚುಗಳನ್ನು ಹಿಡಿದಿಡುವುದು ಮಾತ್ರ. ಗಾಯವನ್ನು ಕೂಡಿಸುವುದು ದೇಹ. ಆದ್ದರಿಂದ ಮೊದಲ ಎರಡು ವಾರಗಳ ಆರೈಕೆ ಮುಖ್ಯ.

ಜನನಾಂಗದ ಬಳಿ ಹೊಲಿಗೆಯಿದ್ದರೆ ಪ್ರತಿ ಸಲ ಶೌಚದ ನಂತರ ಶುದ್ಧ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು, ಮೆತ್ತನೆಯ ಒಣ ಬಟ್ಟೆಯಿಂದ ಒತ್ತಿ ಒರೆಸಬೇಕು, ಉಜ್ಜಬಾರದು. ಪ್ಯಾಡನ್ನು ಆಗಾಗ ಬದಲಿಸಬೇಕು. ಅರಿಸಿನ, ಎಣ್ಣೆ ಹಚ್ಚುವುದು, ಕೆಂಡದ ಶಾಖ ಕೊಡುವುದು ಬೇಡ. ದಾರದ ಚೂರು ಉದುರಿದರೆ ಗಾಬರಿಯಾಗಬೇಡಿ. ಹೊರಚಾಚಿದ ತುದಿಯನ್ನು ಎಳೆಯಬೇಡಿ.

ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಪದ್ಧತಿಯನ್ನು ಇನ್ನಾದರೂ ಬಿಡಬೇಕು. ನೀರು, ಸೊಪ್ಪು, ತರಕಾರಿ ಕಡಿಮೆಯಾದರೆ ಮಲಬದ್ಧತೆಯಾಗುತ್ತದೆ. ಮುಕ್ಕಿದಾಗ ಹೊಲಿಗೆಯ ಮೇಲೆ ಒತ್ತಡ ಬಿದ್ದು ನೋವು ಹೆಚ್ಚುತ್ತದೆ. ಹಾಲೂಡಿಸುವ ತಾಯಿಗಂತೂ ನೀರು ಇನ್ನೂ ಹೆಚ್ಚು ಬೇಕು.

ದಿನದಿಂದ ದಿನಕ್ಕೆ ನೋವು ಕಡಿಮೆಯಾಗಬೇಕು. ಬದಲಾಗಿ ಹೆಚ್ಚಿದರೆ, ಜ್ವರ ಬಂದರೆ, ಕೀವು ಅಥವಾ ದುರ್ವಾಸನೆ ಕಂಡರೆ, ಗಾಯ ಬಾಯಿಬಿಟ್ಟರೆ, ರಕ್ತಸ್ರಾವ ಹೆಚ್ಚಿದರೆ ಕಾಯಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ. ಹೆರಿಗೆಯ ನಂತರದ ಸೋಂಕು ಪ್ರಾಣಕ್ಕೂ ಎರವಾಗಬಲ್ಲದು.

ಇಲ್ಲಿ ವೈದ್ಯರ ಹೊಣೆಯೂ ಇದೆ. ಯಾವ ದಾರ ಹಾಕಿದೆ, ಎಷ್ಟು ದಿನಕ್ಕೆ ಕರಗುತ್ತದೆ, ಯಾವಾಗ ಮತ್ತೆ ಬರಬೇಕು ಎಂಬ ಮೂರು ಮಾತುಗಳನ್ನು ಕನ್ನಡದಲ್ಲಿ ಬರೆದುಕೊಟ್ಟೇ ಮನೆಗೆ ಕಳುಹಿಸಬೇಕು. ಅವರು ಹೇಳದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ.

ಮನೆಯ ಹಿರಿಯ ಹೆಂಗಸರಲ್ಲಿ ಒಂದು ಮನವಿ. ಆ ಭಾಗದ ನೋವನ್ನು ಹೇಳಿಕೊಳ್ಳಲು ಎಳೆಯ ತಾಯಿ ನಾಚುತ್ತಾಳೆ. ‘ಮಗು ಹಾಲು ಕುಡಿಯಿತೇ?’ ಎಂದು ವಿಚಾರಿಸುವಾಗ ‘ನಿನ್ನ ಗಾಯ ಹೇಗಿದೆಯಮ್ಮ?’ ಎಂದೂ ದಿನಕ್ಕೊಮ್ಮೆ ಕೇಳಿ.